ಕ್ಯಾಂಪಿಗೆ ಹೋಗಿದ್ದೋ, ಗಿರಣಿಗೆ ಹೋಗಿದ್ದೋ?

ಮಾನ್ಯ ಸಂಪಾದಕರೇ,

ಅಮೆರಿಕದ ಯೂಟಾ ರಾಜ್ಯದ ಕ್ಯಾಪಿಟಲ್ ರೀಫ್ ರಾಷ್ಟ್ರೀಯ ಉದ್ಯಾನದಲ್ಲಿರುವ ಫ್ರೂಟಾ ಕ್ಯಾಂಪ್‌ಗ್ರೌಂಡ್ ಬಗ್ಗೆ ನೀವು ಹಾಕಿದ ವರದಿ ಓದಿದೆ. ‘ಮರುಭೂಮಿಯಲ್ಲಿ ನೆಮ್ಮದಿ’ಯಂತೆ! ಮೊನ್ನೆ ಶನಿವಾರ ರಾತ್ರಿ ನಿಮ್ಮ ವರದಿಗಾರರು ನಮ್ಮ ಟೆಂಟಿನಲ್ಲಿ ಮಲಗಬೇಕಿತ್ತು.

ಕತ್ತಲಾಗುವ ಹೊತ್ತಿಗೆ ಪಕ್ಕದ ಸೈಟಿಗೆ ಒಂದು ಭಾರಿ ಆರ್‌ವಿ (ಒಳಗೇ ವಾಸ ಮಾಡುವಂಥ ಮನೆ-ವಾಹನ) ಬಂತು. ಇಳಿದವರೇ ಜನರೇಟರ್ ಚಾಲೂ ಮಾಡಿದರು. ಅವರಿಗೆ ಟಿವಿ, ನಮಗೆ ಹೊಗೆ. ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ಗಲಾಟೆ ಕೂಡದು ಅಂತ ನಿಯಮವಿದೆ. ಯಾರಿಗೆ ಬೇಕು? ಮಧ್ಯರಾತ್ರಿ ದಾಟಿದರೂ ಹಿಟ್ಟಿನ ಗಿರಣಿ ಪಕ್ಕ ಮಲಗಿದ ಹಾಗಿತ್ತು. ಫ್ರೀಮಾಂಟ್ ನದಿ ಅಲ್ಲೇ ಹರಿಯುತ್ತೆ, ಅದರ ಸದ್ದು ಚೂರೂ ಕೇಳಿಸಲಿಲ್ಲ. ಹೋಗಿ ಕೇಳಿದರೆ, ಆಫ್ ಮಾಡಿದ್ರೆ ಐಸ್‌ಕ್ರೀಮ್ ಕರಗುತ್ತೆ ಅಂದರು! ಸುಮಾರು 5,500 ಅಡಿ ಎತ್ತರದ ಜಾಗ, ನಾವು ಸ್ವೆಟರ್ ಹಾಕಿಕೊಂಡು ಕೂತಿದ್ದೆವು. ಫೋನ್ ಮಾಡೋಣ ಅಂದ್ರೆ ಸಿಗ್ನಲ್ ಇಲ್ಲ. ಮಗಳು ಅತ್ತೂ ಅತ್ತೂ ಕಾರಿನಲ್ಲಿ ಮಲಗಿದಳು. ನನಗೆ ಬೆಳಗಿನವರೆಗೆ ತಲೆನೋವು. ಅಲ್ಲಿ ಸ್ನಾನಕ್ಕೂ ವ್ಯವಸ್ಥೆ ಇಲ್ಲ, ಮುಖಕ್ಕೆ ನೀರು ಹಾಕಿಕೊಂಡದ್ದೇ ಬಂತು.

ಬೆಳಿಗ್ಗೆ ಅದೇ ಮಹನೀಯರು ಪೀಚ್ ತೋಟದಲ್ಲಿ ಹಾಜರು. ಹಣ್ಣು ಕೀಳಲು ತೆರೆದಿಟ್ಟ ತೋಟದಲ್ಲಿ ನಿಂತು ತಿಂದರೆ ಪುಕ್ಕಟೆ, ಮನೆಗೆ ಒಯ್ದರೆ ಮಾತ್ರ ದುಡ್ಡು. ಅದಕ್ಕೇ ಕೊಂಬೆ ಹಿಡಿದು ಅಲ್ಲಾಡಿಸಿ, ಒಂದೊಂದು ಕಚ್ಚು ಕಚ್ಚಿ ಬಿಸಾಡಿದರು. 1880ರ ದಶಕದಲ್ಲಿ ಬಂದು ನೆಲೆಸಿದ ಮಾರ್ಮನ್ ಎಂಬ ಕ್ರೈಸ್ತ ಪಂಥದ ಕುಟುಂಬಗಳು ಶುರುಮಾಡಿದ ತೋಟಗಳಿವು. ಆ ಫ್ರೂಟಾ ಊರಲ್ಲಿ ಯಾವತ್ತೂ ಹತ್ತು ಮನೆಗಿಂತ ಜಾಸ್ತಿ ಇದ್ದದ್ದಿಲ್ಲ. 1896ರಲ್ಲಿ ಕಟ್ಟಿದ ಪುಟ್ಟ ಶಾಲೆ ಇನ್ನೂ ಇದೆ. ಆ ಶಾಲೆಗೆ ಇವರನ್ನು ಸೇರಿಸಬೇಕು.

ಮೇಲೆ ಕೂತವರಿಗೆ ಇದೆಲ್ಲ ಎಲ್ಲಿ ಕಾಣುತ್ತೆ? 2013ರ ಅಕ್ಟೋಬರ್‌ನಲ್ಲಿ ವಾಷಿಂಗ್ಟನ್‌ನ ಬಜೆಟ್ ಜಗಳಕ್ಕೆ ರಾಷ್ಟ್ರೀಯ ಉದ್ಯಾನಗಳಿಗೇ ಬೀಗ ಬಿತ್ತು. ಕೊನೆಗೆ ಯೂಟಾ ರಾಜ್ಯವೇ ಹಣ ಕಟ್ಟಿ ತನ್ನಲ್ಲಿದ್ದವನ್ನು ತೆರೆಸಬೇಕಾಯಿತು. ಬೀಗ ಹಾಕೋದು ಗೊತ್ತು, ಕಾಯೋದು ಗೊತ್ತಿಲ್ಲ.

ಜನರೇಟರ್‌ಗಳನ್ನು ಪೂರ್ತಿ ನಿಷೇಧಿಸಲಿ. ಇಲ್ಲವೇ ಟೆಂಟಿನವರಿಗೆ ಬೇರೆ ಜಾಗ ಕೊಡಲಿ. ಎರಡನ್ನೂ ಮಾಡಿದರೆ ಇನ್ನೂ ಒಳ್ಳೆಯದು. ಅಷ್ಟೂ ಆಗದಿದ್ದರೆ ನಿಯಮದ ಬೋರ್ಡುಗಳನ್ನಾದರೂ ಕಿತ್ತು ಹಾಕಲಿ, ಸುಮ್ನೆ ಯಾಕೆ ಅವು? ಐಸ್‌ಕ್ರೀಮ್ ಇಲ್ಲದೆ ಒಂದು ರಾತ್ರಿ ಕಳೆಯಲಾಗದವರು ಮನೆಯಲ್ಲೇ ಬಿದ್ದಿರಬಾರದಾ?

– ನಿದ್ದೆಗೆಟ್ಟ ಓದುಗ