ಫಾರ್ಮ್ಯಾಟ್ ಮಾಡಿಸುವ ಮೊದಲು ಒಮ್ಮೆ ಕಿವಿಗೊಡಿ

ಮಾನ್ಯ ಸಂಪಾದಕರೇ,

ನಿಮ್ಮ ಪತ್ರಿಕೆಯ ತಂತ್ರಜ್ಞಾನ ಪುಟವನ್ನು ತಪ್ಪದೆ ಓದುತ್ತೇನೆ. ಹೊಸ ಫೋನುಗಳ ಬಗ್ಗೆ ಬರೆಯುತ್ತೀರಿ, ಅದು ಬೇಡ ಅಂತಲ್ಲ. ಆದರೆ ಶಾಲೆಯಲ್ಲೋ ಮನೆಯಲ್ಲೋ ಈಗಾಗಲೇ ಇರುವ ಕಂಪ್ಯೂಟರ್ ಕೈಕೊಟ್ಟಾಗ ಅದರೊಳಗೆ ಏನು ನಡೀತಿದೆ ಅಂತ ತಿಳಿಯುವುದು ಹೇಗೆ? ಅದನ್ನು ಕನ್ನಡದಲ್ಲಿ ಹೇಳಿಕೊಡುವವರು ತುಂಬಾ ಕಡಿಮೆ. ಅದಕ್ಕೇ ಈ ಪತ್ರ.

ನಾನು ಪ್ರೌಢಶಾಲೆಯಲ್ಲಿ ಕಂಪ್ಯೂಟರ್ ಕಲಿಸುತ್ತೇನೆ. ನಮ್ಮ ಲ್ಯಾಬಿನಲ್ಲಿ ಇರುವುದೆಲ್ಲ ಲಿನಕ್ಸ್, ಅಂದರೆ ವಿಂಡೋಸ್ ಬದಲಿಗೆ ಬಳಸುವ ಉಚಿತ ವ್ಯವಸ್ಥೆ. ಹೋದ ವರ್ಷ ಶಾಲೆಯ ವಾರ್ಷಿಕ ಸಂಚಿಕೆಗೆ ಮಕ್ಕಳು ಕತೆ, ಕವನ ಟೈಪ್ ಮಾಡುತ್ತಿದ್ದಾಗ ಒಂದು ಕಂಪ್ಯೂಟರಿನಲ್ಲಿ ಕನ್ನಡ ನಿಂತೇ ಹೋಯಿತು. ಯಾವ ಕೀ ಒತ್ತಿದರೂ ಇಂಗ್ಲಿಷ್ ಅಕ್ಷರ. ರಿಪೇರಿ ಅಂಗಡಿಗೆ ಕಳಿಸಿದೆವು. ಅವರು ಒಂದು ಮಾತೂ ಕೇಳದೆ ಫಾರ್ಮ್ಯಾಟ್ ಮಾಡಿ ಕೊಟ್ಟರು. ಎರಡು ವಾರ ಕೂತು ಮಾಡಿದ ಕೆಲಸ ಹೋಯಿತು, ಒಂಬತ್ತನೇ ಕ್ಲಾಸಿನ ಹುಡುಗಿಯೊಬ್ಬಳು ಅತ್ತುಬಿಟ್ಟಳು.

ತಿಂಗಳು ಕಳೆಯುವಷ್ಟರಲ್ಲಿ ಅದೇ ತೊಂದರೆ ಮತ್ತೆ ಬಂತು. ಈ ಸಲ ನನ್ನ ಹಳೇ ವಿದ್ಯಾರ್ಥಿಯೊಬ್ಬ ಬಂದಿದ್ದ. ಆಜ್ಞೆಗಳನ್ನು ಟೈಪ್ ಮಾಡುವ ಟರ್ಮಿನಲ್ ಕಿಟಕಿ ತೆರೆದು ‘ಐಬಸ್ ಇಂಜಿನ್’ ಅಂತ ಟೈಪ್ ಮಾಡಿದ. ಐಬಸ್ ಅಂದರೆ ಲಿನಕ್ಸ್‌ನಲ್ಲಿ ಕನ್ನಡದಂಥ ಭಾಷೆಗಳನ್ನು ಬರೆಸುವ ಪ್ರೋಗ್ರಾಮ್. ಐಬಸ್‌ಗೆ ಸಂಪರ್ಕ ಸಿಗುತ್ತಿಲ್ಲ ಎಂಬ ಉತ್ತರ ಬಂತು. “ಮೇಡಂ, ಕೀಬೋರ್ಡ್ ಕೆಟ್ಟಿಲ್ಲ. ಕನ್ನಡ ಬರೆಸೋ ಪ್ರೋಗ್ರಾಮ್ ಎದ್ದೇ ಇಲ್ಲ” ಅಂದ. ಹಿನ್ನೆಲೆಯಲ್ಲಿ ಓಡುವ ಐಬಸ್ ಡೀಮನ್ ಅನ್ನು ಮತ್ತೆ ಶುರು ಮಾಡಿ, ಕನ್ನಡದ ಕೆಜಿಪಿ ಕೀಲಿಮಣೆ ಆರಿಸಿ, ಬರೆಯುವ ಕಿಟಕಿಯನ್ನು ಮುಚ್ಚಿ ತೆರೆದ. ಕನ್ನಡ ಬಂತು. ಎಲ್ಲ ಸೇರಿ ಐದು ನಿಮಿಷ.

ಅವತ್ತು ಅವನು ಹೇಳಿದ್ದು ನನಗೆ ಹೊಸದು. ಲಿನಕ್ಸ್‌ನಲ್ಲಿ ಐಬಸ್ ಬಳಸಿ ಕನ್ನಡ ಬರೆಯುವಾಗ ನಾವು ಒತ್ತುವ ಪ್ರತಿ ಕೀ ಒಂದು ಸಂದೇಶವಾಗಿ ಹೋಗುತ್ತದೆ. ಕೆ.ಪಿ. ರಾವ್ ಅವರ ವಿನ್ಯಾಸದಿಂದ ಬಂದ ಕೆಜಿಪಿ ಕೀಲಿಮಣೆಯಲ್ಲಿ ‘ಕ’ ಒತ್ತಿ ದೀರ್ಘದ ಕೀ ಒತ್ತಿದರೆ ‘ಕಾ’ ಆಗಬೇಕು ಅಲ್ವಾ, ಅದನ್ನು ತೀರ್ಮಾನಿಸುವುದು ನಾವು ಬರೆಯುತ್ತಿರುವ ಪ್ರೋಗ್ರಾಮ್ ಅಲ್ಲ, ಹಿಂದೆ ಕೂತಿರುವ ಇನ್ನೊಂದು. ಅದು ಅಕ್ಷರ ಸಿದ್ಧ ಮಾಡಿ ವಾಪಸ್ ಕಳಿಸುತ್ತದೆ. ನಡುವಿನ ದಾರಿ ಕಡಿದರೆ ಕನ್ನಡ ನಿಲ್ಲುತ್ತದೆ, ಅಷ್ಟೇ.

ಹೀಗೆ ಪ್ರೋಗ್ರಾಮುಗಳು ಒಂದಕ್ಕೊಂದು ಮಾತಾಡಲು ಲಿನಕ್ಸ್‌ನಲ್ಲಿ ಡಿ-ಬಸ್ ಎಂಬ ಪದ್ಧತಿ ಇದೆ. 2002ರಲ್ಲಿ ಕೆಲಸ ಶುರುವಾಗಿ 2006ರಲ್ಲಿ 1.0 ಆವೃತ್ತಿ ಬಂತು. ಅದಕ್ಕೂ ಮೊದಲು ಲಿನಕ್ಸ್‌ನ ಎರಡು ಡೆಸ್ಕ್‌ಟಾಪ್‌ಗಳಲ್ಲಿ ಗ್ನೋಮ್‌ನವರದ್ದು ಒಂದು ಭಾಷೆ, ಕೆಡಿಇಯವರದ್ದು ಇನ್ನೊಂದು. ಐಬಸ್‌ಗೆ ತನ್ನದೇ ಬೇರೆ ದಾರಿ ಇದೆ, ಆದರೆ ಆಡುವುದು ಡಿ-ಬಸ್ ಮಾತನ್ನೇ. ಈ ಮಾತುಕತೆಯನ್ನು ನಾವೂ ಕೇಳಬಹುದು, ನಡುವೆ ನಾವೂ ಒಂದು ಮಾತು ಹೇಳಬಹುದು. ಡಿಬಸ್-ಮಾನಿಟರ್ ಎಂಬ ಆಜ್ಞೆ ಕೇಳಲು, ಡಿಬಸ್-ಸೆಂಡ್ ಎಂಬ ಆಜ್ಞೆ ಹೇಳಲು. ಇದಕ್ಕೆ ದುಡ್ಡು ಕೊಡಬೇಕಿಲ್ಲ. ಹೆಚ್ಚಿನ ಲಿನಕ್ಸ್ ಡೆಸ್ಕ್‌ಟಾಪ್‌ಗಳಲ್ಲಿ ಇವು ಮೊದಲೇ ಇರುತ್ತವೆ.

ಈಗ ನಾನು ಇದನ್ನು ಕ್ಲಾಸಿನಲ್ಲಿ ಮಾಡಿಸುತ್ತೇನೆ. ಹಾಡು ನುಡಿಸುವ ವಿಎಲ್‌ಸಿ ಪ್ರೋಗ್ರಾಮಿನಲ್ಲಿ ಹಾಡು ಹಾಕಿ, ಟರ್ಮಿನಲ್‌ನಿಂದ ಡಿಬಸ್-ಸೆಂಡ್ ಮೂಲಕ ‘ಪ್ಲೇ-ಪಾಜ್’ ಎಂಬ ಸಂದೇಶ ಕಳಿಸಬೇಕು. ಯಾರಿಗೆ, ಅವರ ಹತ್ತಿರ ಯಾವ ವಸ್ತುವಿಗೆ, ಏನು ಕೆಲಸ, ಈ ಮೂರನ್ನೂ ಸರಿಯಾಗಿ ಬರೆದು, ಉತ್ತರ ಕೇಳುವ ‘--print-reply’ ಸೇರಿಸಿದರೆ ಮೌಸ್ ಮುಟ್ಟದೆ ಹಾಡು ನಿಲ್ಲುತ್ತದೆ. ಒಂದು ಅಕ್ಷರ ತಪ್ಪಿದರೆ ದೋಷದ ಉತ್ತರ ಬರುತ್ತದೆ. ಆ ಉತ್ತರವನ್ನು ಓದಲು ಮಕ್ಕಳು ಕಲಿತದ್ದೇ ನನಗೆ ಜಾಸ್ತಿ ಖುಷಿ. ಆಮೇಲೆ ಪಕ್ಕದ ಕಿಟಕಿಯಲ್ಲಿ ಡಿಬಸ್-ಮಾನಿಟರ್ ಓಡಿಸಿ, ಪರದೆಯ ಮೂಲೆಯಲ್ಲಿ ಬರುವ ಸೂಚನೆಗಳಲ್ಲಿ ಒಂದನ್ನು ಕನ್ನಡದಲ್ಲಿ ಕಳಿಸುತ್ತೇವೆ. ಡಿ-ಬಸ್‌ನಲ್ಲಿ ಪಠ್ಯ ಎಲ್ಲ ಭಾಷೆಗಳ ಅಕ್ಷರಗಳನ್ನೂ ಹಿಡಿಸುವ ಯುಟಿಎಫ್-8 ಸಂಕೇತದಲ್ಲೇ ಇರಬೇಕೆಂಬುದು ನಿಯಮ. ಹಾಗಾಗಿ ‘ಊಟದ ಹೊತ್ತಾಯಿತು’ ಎಂದು ಕಳಿಸಿದ್ದು ಮಾನಿಟರ್‌ನಲ್ಲಿ ಹಾಗೇ ಕನ್ನಡದಲ್ಲಿ ಕಾಣುತ್ತದೆ.

ಇಲ್ಲಿ ಒಂದು ವಿಷಯ ಹೇಳಲೇಬೇಕು, ಯಾಕೆಂದರೆ ನಾನು ಇದರ ಮೇಲೆ ಒಂದು ಸಂಜೆ ಪೂರ್ತಿ ಕಳೆದೆ. ಆ ಸೂಚನೆಯನ್ನು ಡಿಬಸ್-ಸೆಂಡ್‌ನಿಂದ ಕಳಿಸಲು ಆಗುವುದಿಲ್ಲ. ಸೂಚನೆಯ ಜೊತೆ ಒಂದೆರಡು ಪಟ್ಟಿಗಳನ್ನೂ ಕಳಿಸಬೇಕು, ಅವು ಖಾಲಿ ಇದ್ದರೂ ಸರಿ. ಖಾಲಿ ಪಟ್ಟಿ ಕಳಿಸುವುದು ಡಿಬಸ್-ಸೆಂಡ್‌ಗೆ ಬರುವುದಿಲ್ಲ. ಅದಕ್ಕೆ ಜಿಡಿಬಸ್ ಎಂಬ ಆಜ್ಞೆ ಇದೆ, ಲಿನಕ್ಸ್‌ನ ಸೇವೆಗಳನ್ನು ನಡೆಸುವ ಸಿಸ್ಟಂಡಿ ಇರುವ ಕಡೆ ಬಸ್‌ಸಿಟಿಎಲ್ ಇದೆ. ಬಸ್‌ಸಿಟಿಎಲ್‌ಗೆ ‘ಟ್ರೀ’ ಅಂತ ಕೊಟ್ಟರೆ ಯಾರ ಹತ್ತಿರ ಏನೇನಿದೆ ಅಂತ ಗಿಡದ ಕೊಂಬೆಗಳ ಹಾಗೆ ಬಿಡಿಸಿ ತೋರಿಸುತ್ತದೆ. ಕಲಿಯುವವರಿಗೆ ನಾನು ಮೊದಲು ಇದನ್ನೇ ಹೇಳುತ್ತೇನೆ. ಖಾಲಿ ಪಟ್ಟಿ ಕಳಿಸಲಾಗದು ಎಂಬ ಮಾತು ಡಿಬಸ್-ಸೆಂಡ್ ಕೈಪಿಡಿಯಲ್ಲಿ ಇಂಗ್ಲಿಷಿನಲ್ಲಿ ಒಂದು ಸಾಲಿನಲ್ಲಿದೆ. ಕನ್ನಡದಲ್ಲಿ ಯಾರಾದರೂ ಬರೆದಿದ್ದರೆ ನನ್ನ ಆ ಸಂಜೆ ಉಳಿಯುತ್ತಿತ್ತು.

ಎಚ್ಚರವೂ ಬೇಕು. ಒಂದೇ ಹೆಸರಿನಲ್ಲಿ ಹಲವರು ಲಾಗಿನ್ ಆಗುವ ಕಂಪ್ಯೂಟರಿನಲ್ಲಿ ಡಿಬಸ್-ಮಾನಿಟರ್ ಓಡುತ್ತಿದ್ದರೆ ಎಲ್ಲ ಸೂಚನೆಗಳೂ ಅದರಲ್ಲಿ ಕಾಣುತ್ತವೆ. ಫೋನಿನ ಸೂಚನೆಗಳನ್ನು ಕಂಪ್ಯೂಟರಿಗೆ ತರುವ ಕೆಡಿಇ ಕನೆಕ್ಟ್‌ನಿಂದ ಫೋನ್ ಜೋಡಿಸಿದ್ದರೆ ಬ್ಯಾಂಕಿನ ಒಟಿಪಿಯೂ ಕಾಣಬಹುದು. ಇಡೀ ಯಂತ್ರಕ್ಕೆ ಸೇರಿದ ಸಿಸ್ಟಂ ಬಸ್‌ನ ಮಾತುಗಳನ್ನೆಲ್ಲ ಕೇಳಲು ರೂಟ್, ಅಂದರೆ ಯಂತ್ರದ ಮೇಲ್ವಿಚಾರಕರ, ಅಧಿಕಾರ ಬೇಕು, ಅದು ಸರಿಯಾಗೇ ಇದೆ. ಶಾಲೆಯ ಲ್ಯಾಬಿನಲ್ಲಿ ಪ್ರತಿ ಮಗುವಿಗೂ ಬೇರೆ ಬೇರೆ ಲಾಗಿನ್ ಮಾಡಿಕೊಡಿ ಎಂದು ಸಹ ಶಿಕ್ಷಕರನ್ನು ಕೇಳಿಕೊಳ್ಳುತ್ತೇನೆ.

ನಿಮ್ಮಲ್ಲಿ ನನ್ನ ಕೋರಿಕೆ ಇಷ್ಟು. ವಾರಕ್ಕೆ ಕಾಲು ಪುಟ ಸಾಕು. ಒಂದು ವಾರ ಒಂದು ಆಜ್ಞೆ, ಅದು ಏನು ಮಾಡುತ್ತದೆ, ಏನು ಮಾಡುವುದಿಲ್ಲ, ತಪ್ಪಿದರೆ ಯಾವ ಉತ್ತರ ಬರುತ್ತದೆ. ಮೊದಲ ವಾರ ಕನ್ನಡ ಟೈಪಿಂಗ್ ನಿಂತಾಗ ಏನು ನೋಡಬೇಕು ಅನ್ನುವುದನ್ನೇ ಹಾಕಿ. ಬರೆಯುವವರು ಸಿಗದಿದ್ದರೆ ನಾನೂ ನನ್ನ ಆ ಹಳೇ ವಿದ್ಯಾರ್ಥಿಯೂ ಬರೆದುಕೊಡುತ್ತೇವೆ, ಸಂಭಾವನೆ ಬೇಡ. ಈ ಸಲದ ವಾರ್ಷಿಕ ಸಂಚಿಕೆಯ ಕೆಲಸ ಇನ್ನೇನು ಶುರುವಾಗುತ್ತದೆ, ಅಷ್ಟರೊಳಗೆ ಮೊದಲ ಕಂತು ಬಂದರೆ ಕತ್ತರಿಸಿ ಲ್ಯಾಬಿನ ಗೋಡೆಗೆ ಅಂಟಿಸುತ್ತೇನೆ.

ಇಂತಿ,
ಒಬ್ಬ ಶಿಕ್ಷಕಿ, ಹಾಸನ ಜಿಲ್ಲೆ