ಪಾರ್ಟ್ರಿಶೋ ಚರ್ಚ್ ನೋಡ್ಕೊಂಡ್ ಬಂದೆ ಮಾರಾಯ

ಲೋ ಗೆಳೆಯಾ,

ವೇಲ್ಸ್ ಕಡೆ ಹೋಗ್ತೀನಿ ಅಂದಿದ್ನಲ್ಲ, ಹೋಗ್ ಬಂದೆ. ಅಬರ್ಗವೆನಿ ಅನ್ನೋ ಊರು ದಾಟಿ ಬ್ಲ್ಯಾಕ್ ಮೌಂಟನ್ಸ್ ಗುಡ್ಡಗಳ ಒಳಗೆ ಒಂದೇ ಕಾರು ಹಿಡಿಸೋ ರೋಡು, ಎದುರಿಗೆ ಟ್ರಾಕ್ಟರ್ ಬಂದ್ರೆ ರಿವರ್ಸ್ ಹೊಡೀತಾ ಹೋಗೋದೇ, ಹಂಗೆ ಏದುಸಿರು ಬಿಟ್ಕೊಂಡು ಹೋದ್ಮೇಲೆ ಗುಡ್ಡದ ಇಳಿಜಾರಲ್ಲಿ ಪುಟ್ಟ ಕಲ್ಲಿನ ಚರ್ಚು, ಪಾರ್ಟ್ರಿಶೋ ಅಂತ.

ಕೆಳಗೆ ಹಳ್ಳದ ಪಕ್ಕ ಒಂದು ಬಾವಿ ಇದೆ, ಬಾವಿ ಅನ್ನೋದಕ್ಕಿಂತ ಒರತೆ ಅನ್ನು. ಇಸ್ಸುಯಿ ಅನ್ನೋ ಸಂತ ಅಲ್ಲೇ ಇದ್ನಂತೆ, ಅವನನ್ನ ಕೊಂದ್ಮೇಲೆ ಆ ನೀರಿಂದ ಒಬ್ಬ ಯಾತ್ರಿಕನ ಕುಷ್ಠ ವಾಸಿಯಾಗಿ ಅವನು ಟೋಪಿ ತುಂಬ ಚಿನ್ನ ಬಿಟ್ಟೋದ, ಆ ದುಡ್ಡಲ್ಲೇ ಚರ್ಚ್ ಕಟ್ಟಿದ್ದು ಅಂತ ಕಥೆ. ಈಗ್ಲೂ ಜನ ಅಲ್ಲಿ ಕಡ್ಡಿ ಶಿಲುಬೆ, ರಿಬ್ಬನ್, ಚಿಲ್ಲರೆ ಕಾಸು ಇಟ್ಟೋಗ್ತಾರೆ.

ಒಳಗೆ ಹೋದ್ರೆ ಜ್ಞಾನಸ್ನಾನದ ಕಲ್ಲಿನ ತೊಟ್ಟಿ, ಅದರ ಅಂಚಲ್ಲಿ ಲ್ಯಾಟಿನ್ ಬರಹ, ಗೆನಿಲಿನ್ (ಆಗಿನ ದೊರೆ) ಕಾಲದಲ್ಲಿ ಮೆನ್‌ಹಿರ್ ನನ್ನ ಮಾಡಿದ ಅಂತ, ತೊಟ್ಟಿನೇ ಮಾತಾಡ್ದಂಗೆ! 11ನೇ ಶತಮಾನದ್ದು ಅದು.

ಆದ್ರೆ ನಾನು ಸುಮ್ನೆ ನಿಂತ್ಬಿಟ್ಟಿದ್ದು ಮರದ ಪರದೆ ಮುಂದೆ. ಜನ ಕೂರೋ ಕಡೆಗೂ ಪಾದ್ರಿ ಪೂಜೆ ಮಾಡೋ ಕಡೆಗೂ ನಡುವೆ ಓಕ್ ಮರದ ಜಾಲಂದ್ರ, ಸುಮಾರು 1500ರದ್ದು, ಬಣ್ಣ ಇಲ್ಲ, ಬರೀ ಮರ, ಅದ್ರ ಮೇಲೆ ಒಂದು ಅಟ್ಟ. ತೊಲೆ ತುಂಬ ದ್ರಾಕ್ಷಿ ಬಳ್ಳಿ, ಎರಡೂ ತುದೀಲಿ ಡ್ರ್ಯಾಗನ್ ಬಾಯಲ್ಲಿ ಆ ಬಳ್ಳಿ ಇದೆ, ನುಂಗ್ತಿದ್ಯೋ ಕಕ್ತಿದ್ಯೋ ಗೊತ್ತಾಗಲ್ಲ. ರಿಫರ್ಮೇಷನ್ ಟೈಮಲ್ಲಿ, ಅಂದ್ರೆ 16ನೇ ಶತಮಾನದಲ್ಲಿ ಪೋಪ್‌ನ ಬಿಟ್ಟು ಚರ್ಚ್ ಸುಧಾರಣೆ ಆದಾಗ, ಇಂಥ ಅಟ್ಟಗಳನ್ನ ಕೆಡವಿ ಅಂತ ಸರ್ಕಾರದ ಆರ್ಡರ್ ಆಗಿ ಬ್ರಿಟನ್ ತುಂಬ ಮುರಿದು ಹಾಕಿದ್ರು, ಪೂಜೆಯ ಕಲ್ಲಿನ ವೇದಿಕೆಗಳನ್ನೂ ಕಿತ್ರು. ಇಲ್ಲಿ ಎರಡೂ ಉಳ್ಕೊಂಡಿವೆ. ನನ್ನ ಲೆಕ್ಕದಲ್ಲಿ ಕಾರಣ ಭಕ್ತಿ ಅಲ್ಲ ಮಾರಾಯ, ಆ ರೋಡೇ. ಕೊಡಲಿ ಹೊತ್ಕೊಂಡು ಅಲ್ಲಿವರೆಗೂ ಹತ್ತೋರು ಯಾರು!

ಪಶ್ಚಿಮದ ಗೋಡೆ ಮೇಲೆ ಕೆಂಪು ಬಣ್ಣದಲ್ಲಿ ಬರೆದ ಅಸ್ಥಿಪಂಜರದ ಚಿತ್ರ, ಸಾವಿನ ಗುರುತು, ಒಂದ್ ಕೈಲಿ ಕುಡುಗೋಲು, ಜೊತೆಗೆ ಮರಳು ಗಡಿಯಾರ, ಸನಿಕೆ. ಎಷ್ಟ್ ಸಲ ಸುಣ್ಣ ಬಳಿದ್ರೂ ಮತ್ತೆ ಎದ್ದು ಬರುತ್ತೆ ಅಂತ ಅಲ್ಲಿಯವರ ಮಾತು. ನಾನು ಸುಣ್ಣದ ಕ್ವಾಲಿಟಿ ಸರಿ ಇಲ್ಲ ಅಂದ್ಕೊಂಡೆ, ಆದ್ರೂ ಅದಕ್ಕೆ ಬೆನ್ನು ಹಾಕಿ ಕೂರೋಕೆ ಮನಸಾಗ್ಲಿಲ್ಲ.

ಫೋಟೋ ಕಳಿಸ್ತೀನಿ. ಅಸ್ಥಿಪಂಜರದ್ದು ಮಾತ್ರ ಬ್ಲರ್ ಆಗಿದೆ, ಕೈ ನಡುಗ್ತಿತ್ತಾ ಅಂತ ಕೇಳ್ಬೇಡ, ಒಳಗೆ ಬೆಳಕು ಕಮ್ಮಿ ಇತ್ತು ಅಷ್ಟೇ.

ನಿನ್ನವನೇ