ಸೆಂಟ್ರಲ್ ಲಾಕ್: ಮೋಟರ್ ಬದಲಿಸುವ ಮೊದಲು ತಂತಿ ನೋಡಿ

ಸಂಪಾದಕರಿಗೆ,

ಮಾನ್ಯರೇ,

ಕಳೆದ ಜುಲೈ ತಿಂಗಳ ಮಳೆಯಲ್ಲಿ ನನ್ನ ಕಾರಿನ ಮುಂದಿನ ಎಡ ಬಾಗಿಲಿನ ಸೆಂಟ್ರಲ್ ಲಾಕ್ ಕೆಲಸ ನಿಲ್ಲಿಸಿತು. ಉಳಿದ ಮೂರು ಬಾಗಿಲುಗಳು ‘ಟಕ್’ ಎಂದು ಬೀಗ ಹಾಕಿಕೊಳ್ಳುತ್ತಿದ್ದರೆ ಇದೊಂದು ಮಾತ್ರ ತೆರೆದೇ ಉಳಿಯುತ್ತಿತ್ತು. ಗ್ಯಾರೇಜಿನವರು ಬಾಗಿಲಿನ ಒಳಪ್ಯಾಡ್ ಬಿಚ್ಚಿ ಹೊಸ ಲಾಕ್ ಮೋಟರ್ ಹಾಕಿದರು, ನನ್ನೆದುರೇ ನಾಲ್ಕು ಸಲ ಸ್ವಿಚ್ ಒತ್ತಿ ತೋರಿಸಿದರು, ನಾನು 2,800 ರೂಪಾಯಿ ಕೊಟ್ಟು ಮನೆಗೆ ಬಂದೆ. ಮನೆಯ ಮುಂದೆ ಕಾರು ನಿಲ್ಲಿಸಿ ಬೀಗ ಹಾಕಿದರೆ ಮತ್ತೆ ಅದೇ ಕಥೆ. ಮರುದಿನ ಹೋಗಿ ಕೇಳಿದಾಗ, ಲಾಕ್ ನಿಯಂತ್ರಿಸುವ ಮಾಡ್ಯೂಲೇ ಕೆಟ್ಟಿರಬೇಕು, ಅದಕ್ಕೆ 11,000 ರೂಪಾಯಿ ಆಗುತ್ತದೆ ಎಂದರು. ಈ ಮಾತು ಹೇಳುವ ಮೊದಲು ಅವರು ಯಾವುದನ್ನೂ ಅಳೆದಿರಲಿಲ್ಲ ಎಂಬುದೇ ನಾನು ಈ ಪತ್ರ ಬರೆಯಲು ಕಾರಣ.

ನಾನು ಐಟಿಐನಲ್ಲಿ ಎಲೆಕ್ಟ್ರಿಷಿಯನ್ ವಿಭಾಗದ ಬೋಧಕನಾಗಿದ್ದು ನಿವೃತ್ತನಾದವನು. ಆ ಭಾನುವಾರ ಮಗನನ್ನು ಜೊತೆಗಿಟ್ಟುಕೊಂಡು ಪ್ಯಾಡ್ ಬಿಚ್ಚಿದೆ. ಮೋಟರನ್ನು ತಿರುಗಿಸುವ ತಂತಿಗಳು ಎರಡೇ. ಬೀಗ ಹಾಕುವಾಗ ಒಂದಕ್ಕೆ ಪ್ಲಸ್, ಇನ್ನೊಂದಕ್ಕೆ ಮೈನಸ್ ಬರುತ್ತದೆ, ತೆಗೆಯುವಾಗ ಅದೇ ಅದಲುಬದಲಾಗುತ್ತದೆ. ಕರೆಂಟ್ ಬರುವುದು ಒಂದು ಕ್ಷಣ ಮಾತ್ರವಾದ್ದರಿಂದ ಸಾಧಾರಣ ಡಿಜಿಟಲ್ ಮೀಟರ್ ಅದನ್ನು ಹಿಡಿಯುವಷ್ಟರಲ್ಲಿ ಮುಗಿದಿರುತ್ತದೆ. ಅದಕ್ಕಾಗಿ ಇಂಡಿಕೇಟರಿನಲ್ಲಿ ಹಾಕುವ 12 ವೋಲ್ಟ್, 21 ವ್ಯಾಟಿನ ಬಲ್ಬಿಗೆ ಎರಡು ಉದ್ದನೆಯ ತಂತಿ ಕಟ್ಟಿ ಮೋಟರಿನ ಕನೆಕ್ಟರಿಗೆ ಜೋಡಿಸಿದೆ. ಬಾಗಿಲು ತೆರೆದಿಟ್ಟು ಚಾಲಕನ ಬದಿಯ ಸ್ವಿಚ್ ಒತ್ತಿಸಿದರೆ ಬಲ್ಬು ಒಮ್ಮೆ ಝಗ್ಗನೆ ಹೊತ್ತಿ ಆರಿತು. ನಂತರ ಬಲ್ಬನ್ನು ತೊಡೆಯ ಮೇಲಿಟ್ಟುಕೊಂಡು ಒಳಗೆ ಕುಳಿತು ಬಾಗಿಲು ಹಾಕಿಕೊಂಡೆ. ಈ ಸಲ ಸ್ವಿಚ್ ಒತ್ತಿದರೆ ಬಲ್ಬು ಮಿಣುಕಲೂ ಇಲ್ಲ.

ಗ್ಯಾರೇಜಿನವರು ಮೋಸ ಹೋದದ್ದು ಇಲ್ಲಿಯೇ. ಪ್ಯಾಡ್ ಬಿಚ್ಚಿ ಕೆಲಸ ಮಾಡುವಾಗ ಬಾಗಿಲು ಪೂರ್ತಿ ತೆರೆದಿರುತ್ತದೆ. ಆ ಸ್ಥಿತಿಯಲ್ಲಿ ಹಳೆಯ ಮೋಟರೂ ಕೆಲಸ ಮಾಡುತ್ತಿತ್ತು. ಹೊಸದನ್ನು ಹಾಕುವ ಮೊದಲು ಹಳೆಯದನ್ನೇ ಒಂದು ಸಲ ಒತ್ತಿ ನೋಡಿದ್ದರೆ ಅವರಿಗೂ ಅನುಮಾನ ಬರುತ್ತಿತ್ತು.

ಬಾಗಿಲಿನ ಕೀಲಿನ ಹತ್ತಿರ, ಬಾಡಿಯಿಂದ ಬಾಗಿಲಿಗೆ ಹೋಗುವ ಸುಕ್ಕುಸುಕ್ಕಾದ ಕಪ್ಪು ರಬ್ಬರ್ ಕೊಳವೆಯನ್ನು ಎಲ್ಲರೂ ನೋಡಿರುತ್ತೀರಿ. ಬಾಗಿಲಿನ ತಂತಿಗಳೆಲ್ಲ ಅದರೊಳಗೆ ಹಾಯುತ್ತವೆ ಮತ್ತು ಪ್ರತಿ ಸಲ ಬಾಗಿಲು ತೆಗೆದು ಹಾಕಿದಾಗಲೂ ಅಲ್ಲಿಯೇ ಮಡಚಿಕೊಳ್ಳುತ್ತವೆ. ನಾನು ಆ ರಬ್ಬರನ್ನು ಹಿಂದೆ ಸರಿಸಿ ಒಂದೊಂದೇ ತಂತಿಯನ್ನು ಬೆರಳಿನಿಂದ ಮೆಲ್ಲಗೆ ಎಳೆದು ನೋಡಿದೆ. ಏಳನೆಯದು ರಬ್ಬರ್ ಬ್ಯಾಂಡಿನ ಹಾಗೆ ಉದ್ದವಾಯಿತು. ಮೇಲಿನ ಪ್ಲಾಸ್ಟಿಕ್ ಹೊದಿಕೆ ಸಣ್ಣ ಬಿರುಕೊಂದನ್ನು ಬಿಟ್ಟರೆ ಚೆನ್ನಾಗಿಯೇ ಇತ್ತು; ಒಳಗಿನ ತಾಮ್ರದ ಎಳೆಗಳು ಮಾತ್ರ ತುಂಡಾಗಿ, ತುದಿಯಲ್ಲಿ ಹಸಿರು ಕಿಲುಬು ಹಿಡಿದಿತ್ತು. ಬಾಗಿಲು ತೆರೆದಾಗ ತಂತಿ ನೇರವಾಗಿ ತುಂಡುಗಳು ಒಂದಕ್ಕೊಂದು ತಾಗುತ್ತಿದ್ದವು, ಮುಚ್ಚಿದಾಗ ಮಡಚಿ ಬೇರೆಯಾಗುತ್ತಿದ್ದವು.

ಇಂಥ ತಂತಿಯನ್ನು ಹೊಸೆದು ಟೇಪು ಸುತ್ತಿ ಬಿಡುವುದು ತಪ್ಪು. ಮಡಚುವ ಜಾಗದಲ್ಲಿ ಬೆಸುಗೆ ಹಾಕಿದರೆ ಬೆಸುಗೆಯ ಅಂಚಿನಲ್ಲಿ ತಂತಿ ಬಿರುಸಾಗಿ ಮತ್ತೆ ಅಲ್ಲಿಯೇ ಮುರಿಯುತ್ತದೆ. ಅದೇ ದಪ್ಪದ, ಸಣ್ಣ ಎಳೆಗಳ ಮೆದು ತಂತಿಯ ತುಂಡನ್ನು ಸೇರಿಸಿ, ಎರಡೂ ಜೋಡಣೆಗಳನ್ನು ರಬ್ಬರ್ ಕೊಳವೆಯ ಆಚೀಚೆ, ಮಡಚದ ಭಾಗದಲ್ಲಿ ಬರುವಂತೆ ಮಾಡಿ, ಬಿಸಿ ಮಾಡಿದರೆ ಬಿಗಿದುಕೊಳ್ಳುವ ಸ್ಲೀವ್ ತೊಡಿಸಬೇಕು. ನನಗೆ ತಗುಲಿದ ಖರ್ಚು ನೂರು ರೂಪಾಯಿಯ ಒಳಗೆ.

ಎಲ್ಲ ದೋಷಗಳೂ ತಂತಿಯದೇ ಎಂದು ನಾನು ಹೇಳುವುದಿಲ್ಲ. ನಾಲ್ಕೂ ಬಾಗಿಲು ಒಟ್ಟಿಗೆ ನಿಂತರೆ ಮೊದಲು ಫ್ಯೂಸ್ ನೋಡಬೇಕು. ರಿಮೋಟಿಗೆ ಓಗೊಡದೆ ಒಳಗಿನ ಸ್ವಿಚ್ಚಿಗೆ ಮಾತ್ರ ಕೆಲಸ ಮಾಡಿದರೆ ರಿಮೋಟಿನ ಸೆಲ್ ನೋಡಬೇಕು. ಮೋಟರ್ ತಿರುಗುವ ಸದ್ದು ಕೇಳುತ್ತದೆ, ಆದರೆ ಲಾಕ್ ಚಲಿಸುವುದಿಲ್ಲ ಎಂದಾದರೆ ದೋಷ ಕರೆಂಟಿನದಲ್ಲ, ಒಳಗಿನ ಹಲ್ಲುಚಕ್ರ ಅಥವಾ ಸರಳಿನದು. ಒಂದೇ ಬಾಗಿಲಿನಲ್ಲಿ ಲಾಕಿನ ಜೊತೆ ಪವರ್ ವಿಂಡೋ, ಸ್ಪೀಕರ್ ಕೂಡ ಆಗಾಗ ಕೈಕೊಡುತ್ತಿದ್ದರೆ ಮೊದಲ ಅನುಮಾನ ಆ ರಬ್ಬರ್ ಕೊಳವೆಯ ಮೇಲೆಯೇ ಇರಲಿ. ಹಳದಿ ಹೊದಿಕೆಯ ತಂತಿ, ಕನೆಕ್ಟರುಗಳು ಏರ್‌ಬ್ಯಾಗಿನವು; ಅವುಗಳಿಗೆ ಬಲ್ಬನ್ನಾಗಲಿ ಮೀಟರನ್ನಾಗಲಿ ತಾಗಿಸಲೇಬಾರದು.

ನಮ್ಮ ಊರಿನ ಮಳೆಯಲ್ಲಿ ಇನ್ನೊಂದು ಮಾತು ಮುಖ್ಯ. ಕಿಟಕಿಯ ಗಾಜಿನ ಪಟ್ಟಿಯ ಮೂಲಕ ನೀರು ಬಾಗಿಲಿನೊಳಗೆ ಇಳಿಯುವುದು ಸಹಜ. ಅದು ಹೊರಹೋಗಲೆಂದೇ ಬಾಗಿಲಿನ ಕೆಳ ಅಂಚಿನಲ್ಲಿ ರಂಧ್ರಗಳಿವೆ. ಖಾನಾಪುರದ ಕಡೆ ಓಡಾಡುವ ಗಾಡಿಗಳಲ್ಲಿ ಆ ರಂಧ್ರಗಳು ಕೆಂಪು ಮಣ್ಣಿನಿಂದ ಮುಚ್ಚಿಹೋಗಿದ್ದನ್ನು ನಾನೇ ಕಡ್ಡಿ ಹಾಕಿ ತೆಗೆದಿದ್ದೇನೆ. ಪ್ಯಾಡಿನ ಹಿಂದಿನ ಪ್ಲಾಸ್ಟಿಕ್ ಹಾಳೆಯನ್ನು ಹರಿದು ಬಿಸಾಡುವ ಗ್ಯಾರೇಜಿನವರೂ ಇದ್ದಾರೆ. ಆ ಹಾಳೆ ನೀರು ಒಳಗೆ ಬರದಂತೆ ತಡೆಯಲು ಇರುವುದು, ಅದನ್ನು ಮರಳಿ ಅಂಟಿಸಲೇಬೇಕು.

ಗ್ಯಾರೇಜಿನ ಮಾಲೀಕರಲ್ಲಿ ನನ್ನ ವಿನಂತಿ ಇಷ್ಟು: ಯಾವುದೇ ಬಿಡಿಭಾಗ ಬದಲಿಸುವ ಮೊದಲು ಬಾಗಿಲು ತೆರೆದೂ ಮುಚ್ಚಿಯೂ ಪರೀಕ್ಷೆ ಮಾಡಿ, ಕರೆಂಟ್ ಬಂದದ್ದನ್ನು ಅಥವಾ ಬಾರದ್ದನ್ನು ಗಿರಾಕಿಗೆ ತೋರಿಸಿ, ತೆಗೆದ ಹಳೆಯ ಭಾಗವನ್ನು ಅವರ ಕೈಗೇ ಕೊಡಿ. ಐಟಿಐಗಳಲ್ಲಿ ಮೋಟಾರ್ ವೆಹಿಕಲ್ ಮೆಕ್ಯಾನಿಕ್ ಕಲಿಯುತ್ತಿರುವ ಮಕ್ಕಳಿಗೆ ಗುಜರಿಯಿಂದ ಒಂದು ಹಳೆಯ ಬಾಗಿಲು ತಂದು, ಒಂದು ತಂತಿಯನ್ನು ಒಳಗೇ ಮುರಿದು, ಹುಡುಕಲು ಬಿಡಬೇಕೆಂದು ಬೋಧಕ ಮಿತ್ರರನ್ನೂ ಕೋರುತ್ತೇನೆ. ನನ್ನ ಕಾರಿನಿಂದ ತೆಗೆದ ಆ ತಂತಿಯ ತುಂಡು ಇನ್ನೂ ನನ್ನ ಬಳಿಯಿದೆ; ಪಾಠಕ್ಕೆ ಬೇಕೆಂದವರಿಗೆ ಕೊಡುತ್ತೇನೆ.

ಇಂತಿ ತಮ್ಮ ವಿಶ್ವಾಸಿ,
ನಿವೃತ್ತ ಐಟಿಐ ಬೋಧಕ,
ಟಿಳಕವಾಡಿ, ಬೆಳಗಾವಿ